ನಗೆಮಾಫಿಯ ನಲವತ್ತು ದಿನ

ಫೆಬ್ರವರಿ ೩೧, ೨೪೬೮
ಹೊಸಜೋಡಿ ಓಣಿ, ಏಳನೇ ಮಟ್ಟ
ಕೋಲಾರದ ಹಳೆಯ ಗಣಿ

ಹಿಂದಿನ ಕಾಲದ ಹಿರಿಯರೇ,

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ, ಪ್ಲೀಸ್! ನಾನು ತಪ್ಪಿ ಬರೆದದ್ದಲ್ಲ. ನೆಲದ ಕೆಳಗೆ ಮಳೆಗಾಲ, ಬೇಸಿಗೆ ಅಂತ ಏನೂ ಇಲ್ಲದ್ದರಿಂದ ನಮ್ಮ ಅಜ್ಜಂದಿರು ಹನ್ನೆರಡು ತಿಂಗಳಿಗೂ ಸಮನಾಗಿ ಮೂವತ್ತೊಂದು ದಿನ ಕೊಟ್ಟುಬಿಟ್ಟರು. ಮೇಲಿನ ಸೂರ್ಯನಿಗೂ ನಮ್ಮ ಕ್ಯಾಲೆಂಡರಿಗೂ ವರ್ಷವರ್ಷಕ್ಕೆ ಒಂದಿಷ್ಟು ದೂರವಾಗುತ್ತಾ ಹೋಗುತ್ತದಂತೆ. ಅದರಿಂದ ಯಾರಿಗೂ ಏನೂ ತೊಂದರೆಯಾಗಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನಾನು ಓದಿದ್ದು ಎರಡನೇ ಮಟ್ಟದ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಕಲಿತದ್ದು ಅಡುಗೆಮನೆಯಲ್ಲಿ, ಈಗ ಅತ್ತೆಮನೆಯಲ್ಲಿ. ಆದರೆ ಈ ಓಲೆಯನ್ನು ಕನ್ನಡದಲ್ಲೇ ಬರೆಯಬೇಕು ಎಂಬುದು ನಮ್ಮ ಪದ್ಧತಿ. ಮದುವೆಯಾದ ಹುಡುಗಿ ನಲವತ್ತು ದಿನದೊಳಗೆ ಹಿಂದಿನವರಿಗೆ ಒಂದು ಓಲೆ ಬರೆದು, ಡಬ್ಬಿಗೆ ಹಾಕಿ, ಅರಗು ಹಚ್ಚಿ, ಎಲ್ಲಕ್ಕಿಂತ ಹಳೆಯ ಬಾವಿಗೆ ಬಿಡಬೇಕು. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಡಬ್ಬಿ ತಳ ಮುಟ್ಟಿದ ಸದ್ದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಹಾಗಾಗಿ ನಿಮಗೆ ತಲುಪುತ್ತದೆ ಎಂದೇ ನಂಬಿದ್ದೇವೆ.

ನನ್ನ ಹೆಸರು ಅಲಮೇಲು, ವಯಸ್ಸು ಇಪ್ಪತ್ತಮೂರು. ಮದುವೆಯಾಗಿ ಇವತ್ತಿಗೆ ಇಪ್ಪತ್ತಾರು ದಿನ! ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅತ್ತೆ ಹೇಳಿದ್ದಾರೆ, ಬರೆಯಬಾರದು ಎಂದು ಹೇಳಿಲ್ಲ. ವೆಂಕಟಗಿರಿ. ನೋಡಿ, ಬರೆದೇಬಿಟ್ಟೆ! ಅವರು ಎತ್ತರಕ್ಕಿದ್ದಾರೆ. ಎಷ್ಟು ಎತ್ತರ ಎಂದರೆ ನಮ್ಮ ಮನೆಯ ಬಾಗಿಲಿನ ಬಂಡೆಗೆ ದಿನಕ್ಕೆ ಎರಡು ಸಲ ತಲೆ ಬಡಿಸಿಕೊಳ್ಳುತ್ತಾರೆ, ಪ್ರತಿ ಸಲವೂ ಆ ಬಂಡೆಗೆ ‘ಸಾರಿ’ ಎನ್ನುತ್ತಾರೆ. ಇಂಥ ಮನುಷ್ಯನನ್ನು ಇಷ್ಟಪಡದೆ ಇರಲು ಯಾರಿಂದ ಸಾಧ್ಯ, ಹೇಳಿ? ಕೆಲಸ ಅಣಬೆ ಮನೆಯಲ್ಲಿ. ಸಾಯಂಕಾಲ ಬರುವಾಗ ಮೈಯೆಲ್ಲ ಒದ್ದೆ ಮಣ್ಣಿನ ವಾಸನೆ. ನನಗೀಗ ಆ ವಾಸನೆ ಬಂದರೆ ಸಾಕು, ನಗು ತಡೆಯಲಾಗುವುದಿಲ್ಲ.

ಹೊಸಜೋಡಿ ಓಣಿ ನಮ್ಮೂರಿನ ತೀರಾ ಕೆಳಗಿನ, ತೀರಾ ಹೊಸದಾಗಿ ತೋಡಿದ ಓಣಿ. ಆ ವರ್ಷ ಮದುವೆಯಾದವರಿಗೆಲ್ಲ ಒಂದು ವರ್ಷ ಇಲ್ಲಿಯೇ ಮನೆ. ಹಿರಿಯರ ಕಣ್ಣಿಗೆ ದೂರ, ಮೈಗೆ ತಂಪು. ಹನ್ನೊಂದು ಮನೆ, ಒಂದೇ ದಿನ ಮದುವೆಯಾದ ಹನ್ನೊಂದು ಜೋಡಿ. ಪ್ರತಿ ಮನೆಗೂ ಒಂದು ಹಗಲುಕೊಳವೆ ಇದೆ. ಕನ್ನಡಿಯಿಂದ ಕನ್ನಡಿಗೆ ಬಿಸಿಲನ್ನು ದಾಟಿಸುತ್ತಾ ಕೆಳಗೆ ತರುವ ಕೊಳವೆ ಅದು. ಬೆಳಗ್ಗೆ ಗೋಡೆಯ ಮೇಲೆ ಅಂಗೈಯಗಲದ ಬೆಳಕು ಬೀಳುತ್ತದೆ, ಅಡುಗೆಯಾಗುವ ಹೊತ್ತಿಗೆ ಅದು ನೆಲಕ್ಕೆ ಇಳಿದಿರುತ್ತದೆ. ಇಲ್ಲಿ ಬೆಂಕಿ ಹಚ್ಚುವಂತಿಲ್ಲ. ಮುದ್ದೆ, ಸಾರು ಎಲ್ಲ ಮೇಲಿನ ಮಟ್ಟದಲ್ಲಿ ಬೆಂದು ಬುಟ್ಟಿಯಲ್ಲಿ ಇಳಿಯುತ್ತವೆ. ಬೆಂಕಿ ಗಾಳಿಯನ್ನು ತಿನ್ನುತ್ತದೆ ಎಂದು ನಮಗೆ ನಡೆಯಲು ಬರುವ ಮೊದಲೇ ಕಲಿಸುತ್ತಾರೆ.

ಗಾಳಿಯ ವಿಷಯಕ್ಕೆ ಬಂದರೆ ನಿಮಗೆ ಒಂದು ದೊಡ್ಡ ಥ್ಯಾಂಕ್ಸ್ ಹೇಳಬೇಕು. ನಿಮ್ಮ ಕಾಲದ ಗಾಳಿಮೀಟರು ಒಂದು ನಮ್ಮ ಶಾಲೆಯ ಕಪಾಟಿನಲ್ಲಿದೆ. ಅದು ಕೆಟ್ಟು ಎಷ್ಟೋ ತಲೆಮಾರಾಯಿತು, ಆದರೂ ಅದರ ಹಸಿರು ಮುಳ್ಳು ‘ಎಲ್ಲ ಸರಿ’ ಎನ್ನುವ ಕಡೆಗೇ ಅಂಟಿಕೊಂಡಿದೆ. ನಾವು ಅದನ್ನು ನಂಬುವುದಿಲ್ಲ. ನಾವು ನಂಬುವುದು ನೀವು ಕೊಟ್ಟ ಇನ್ನೊಂದನ್ನು. ಕಾರ್ಖಾನೆಯಲ್ಲಿ ಯಂತ್ರದಿಂದ ಬರುವ ಒಂದೊಂದು ವಸ್ತುವಿನ ಅಳತೆ ತೆಗೆದು, ಸಣ್ಣ ಸಣ್ಣ ವ್ಯತ್ಯಾಸಗಳನ್ನು ಕೂಡಿಸುತ್ತಾ ಹೋಗಿ, ಯಂತ್ರ ಯಾವಾಗ ಹದ ತಪ್ಪಿತು ಎಂದು ಬೇಗ ಹಿಡಿಯುತ್ತಿದ್ದಿರಲ್ಲ, ಆ ಲೆಕ್ಕ. ಶಾಲೆಯಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಗ್ರಾಫ್ ಇತ್ತು, ಪರೀಕ್ಷೆಯಲ್ಲಿ ನನಗೆ ನೂರಕ್ಕೆ ನೂರು ಬಂದಿತ್ತು. ಅತ್ತೆ ಅದನ್ನು ‘ಕಲ್ಲು ಹಾಕೋದು’ ಎನ್ನುತ್ತಾರೆ.

ಅದು ಹೀಗೆ. ಗಾಳಿ ಕೆಡುತ್ತಿದ್ದರೆ ಎಲ್ಲಕ್ಕಿಂತ ಮೊದಲು ನಾವು ಉಸಿರು ಹಿಡಿಯುವ ಹೊತ್ತು ಕಡಿಮೆಯಾಗುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಪ್ರತಿಯೊಬ್ಬರೂ ಉಸಿರು ಹಿಡಿಯಬೇಕು, ಎದುರಿಗೆ ಕೂತವರು ಎಣಿಸಬೇಕು. ನಮ್ಮವರದು ಸಾಮಾನ್ಯವಾಗಿ ಅರವತ್ತೆರಡು ಎಣಿಕೆ. ಅದು ಅವರ ವಾಡಿಕೆ. ಅದರಲ್ಲಿ ಮೂರು ಕಳೆಯಬೇಕು. ಮನುಷ್ಯ ಎಂದ ಮೇಲೆ ಒಂದು ದಿನದಂತೆ ಇನ್ನೊಂದು ದಿನ ಇರುವುದಿಲ್ಲವಲ್ಲ, ಆ ಮೂರು ಅದಕ್ಕೆ ಕೊಟ್ಟ ಸಲಿಗೆ. ಉಳಿದದ್ದು ಐವತ್ತೊಂಬತ್ತು, ಅದು ಅವರ ಗೆರೆ. ಇವತ್ತಿನ ಎಣಿಕೆ ಗೆರೆಗಿಂತ ಎಷ್ಟು ಕಡಿಮೆಯೋ ಅಷ್ಟು ಕಲ್ಲು ಕುಡಿಕೆಯ ಒಳಗೆ. ಎಷ್ಟು ಹೆಚ್ಚೋ ಅಷ್ಟು ಹೊರಗೆ. ಕುಡಿಕೆ ಖಾಲಿಯಾದರೆ ಅಲ್ಲಿಗೆ ಮುಗಿಯಿತು. ನಿನ್ನೆ ಎಷ್ಟೇ ಚೆನ್ನಾಗಿ ಉಸಿರಾಡಿದ್ದರೂ ಅದು ನಾಳೆಗೆ ಜಾಮೀನಲ್ಲ. ಕೆಮ್ಮು, ಬಿಕ್ಕಳಿಕೆ ಬಂದು ಎಣಿಕೆ ಪೂರ್ತಿ ಕೆಟ್ಟರೂ ಒಂದು ದಿನಕ್ಕೆ ಐದು ಕಲ್ಲಿಗಿಂತ ಹೆಚ್ಚು ಹಾಕುವಂತಿಲ್ಲ. ಹೀಗೆ ಯಾರದೇ ಕುಡಿಕೆಯಲ್ಲಿ ಇಪ್ಪತ್ತು ಕಲ್ಲಾದರೂ ಓಣಿಯ ಗಂಟೆ ಹೊಡೆಯಬೇಕು, ಎಲ್ಲರೂ ಓಣಿ ಬಿಟ್ಟು ಮೇಲೇರಬೇಕು.

ಇಪ್ಪತ್ತೇ ಯಾಕೆ? ಹತ್ತು ಎಂದಿಟ್ಟರೆ ತಿಂಗಳಿಗೊಂದು ಸಲ ಸುಮ್ಮಸುಮ್ಮನೆ ಓಡಬೇಕಾಗುತ್ತದೆ, ಆಮೇಲೆ ಗಂಟೆಗೆ ಯಾರೂ ಏಳುವುದಿಲ್ಲ. ನಲವತ್ತು ಎಂದಿಟ್ಟರೆ ಗಂಟೆ ಹೊಡೆಯಲು ಯಾರೂ ಉಳಿದಿರುವುದಿಲ್ಲ. ಇಪ್ಪತ್ತಕ್ಕೂ ಕೆಲವು ವರ್ಷಕ್ಕೊಮ್ಮೆ ಸುಳ್ಳುಗಂಟೆ ಆಗುತ್ತದೆ. ಆಗ ಬೈಯುವಂತಿಲ್ಲ. ಹೊಡೆದವರನ್ನು ಮಣೆಯ ಮೇಲೆ ಕೂರಿಸಿ, ಎಲ್ಲಕ್ಕಿಂತ ಹಿರಿಯ ಹೆಂಗಸು ತನ್ನ ಕೈಯಾರೆ ಒಬ್ಬಟ್ಟು ತಿನ್ನಿಸುತ್ತಾಳೆ. ಅದು ಸುಳ್ಳುಗಂಟೆ ಊಟ. ನಮ್ಮಲ್ಲಿ ಮದುವೆ ಊಟಕ್ಕಿಂತ ಜೋರು!

ಈಗ ಅತ್ಯಂತ ಸ್ವೀಟಾದ ವಿಷಯ. ಹೊಸದಾಗಿ ಮದುವೆಯಾದವರಿಗೆ ನಲವತ್ತು ದಿನ ಕಲ್ಲಿಲ್ಲ! ತಾಯಿ ಇಟ್ಟುಕೊಂಡಿದ್ದ ಹಳೆಯ ಕುಡಿಕೆಯನ್ನು ಮದುವೆಯ ದಿನ ಹೊಸ್ತಿಲಲ್ಲಿ ಒಡೆಯುತ್ತಾರೆ. ಹೊಸದು ಕೊಡುತ್ತಾರೆ, ಆದರೆ ನಲವತ್ತು ದಿನ ಅದಕ್ಕೆ ಕಲ್ಲು ಮುಟ್ಟಿಸುವಂತಿಲ್ಲ. ಎದುರುಬದುರು ಕೂತು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ಕೆನ್ನೆ ಉಬ್ಬಿಸಿಕೊಂಡು ಉಸಿರು ಹಿಡಿಯಿರಿ ಎಂದರೆ ಹೊಸ ಗಂಡ ಹೆಂಡತಿ ನಗದೆ ಇರುತ್ತಾರೆಯೇ? ನಗುವವರ ಲೆಕ್ಕ ಲೆಕ್ಕವಲ್ಲ ಎಂದು ಬಿಟ್ಟುಬಿಟ್ಟಿದ್ದಾರೆ. ಇದಕ್ಕೆ ನಗೆಮಾಫಿ ಎಂದು ಹೆಸರು. ನಮ್ಮ ಕುಡಿಕೆಯಲ್ಲಿ ನಾವು ಹುರಿಗಡಲೆ ಇಟ್ಟುಕೊಂಡಿದ್ದೇವೆ. ಆದರೂ ದಿನಾ ಎಣಿಸುತ್ತೇವೆ, ಸುಮ್ಮನೆ ಪಂದ್ಯಕ್ಕೆ. ಅವರ ಎಣಿಕೆಯನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತೇನೆ. ನಕ್ಕುಬಿಟ್ಟರೆ ಸಂಖ್ಯೆಯ ಬದಲು ಒಂದು ಹೂವು. ಈಗ ಗೋಡೆ ತುಂಬಾ ಹೂವು!

ಓಣಿಯ ತುಂಬಾ ನಗುವೇ. ಪಕ್ಕದ ಮನೆಯ ಜಬೀನಾ ನೀರು ಹಿಡಿಯಲು ಬಂದರೆ ಬಿಂದಿಗೆ ಇಟ್ಟು ನಗುತ್ತಾಳೆ, ಅವಳ ಗಂಡ ಅಮೀರ್‌ಜಾನ್ ಅವಳು ನಗುವುದನ್ನು ನೋಡಿ ನಗುತ್ತಾನೆ. ಮದುವೆಯ ಒಂಬತ್ತನೇ ಬೆಳಗ್ಗೆ ಓಣಿಯ ಆಚೆ ಎಲ್ಲೋ ಧಡ್ ಎಂದು ಸದ್ದಾಗಿ ನೆಲ ಒಂದು ಸಲ ನಡುಗಿತು. ಜಬೀನಾ ಬಾಗಿಲಿಂದ ತಲೆ ಹಾಕಿ, “ಯಾರ ಮನೆ ಮಂಚ ಮುರೀತು, ಒಪ್ಪಿಕೊಂಡುಬಿಡಿ!” ಎಂದು ಕೂಗಿದಳು. ಹನ್ನೊಂದೂ ಮನೆಯಿಂದ ‘ನಮ್ಮದಲ್ಲ, ನಮ್ಮದಲ್ಲ’ ಎಂಬ ಕೂಗು! ಆ ದಿನ ಪೂರ್ತಿ ಅದೇ ಮಾತು. ಈಗ ತೀರಾ ಕೊನೆಯ ಮನೆಯ ಪಿಳ್ಳಪ್ಪ, ಶಶಿರೇಖಾ ಮೂರು ದಿನದಿಂದ ಬಾಗಿಲೇ ತೆಗೆದಿಲ್ಲ! ಬುಟ್ಟಿಯಲ್ಲಿ ಬಂದ ಊಟವನ್ನು ನಾವು ಬಾಗಿಲ ಮುಂದೆ ಇಟ್ಟು, ಕೆಮ್ಮಿ, “ಸ್ವಲ್ಪ ಉಸಿರಾಡಿಕೊಳ್ರಪ್ಪಾ” ಎಂದು ಕೂಗಿ, ಬಿದ್ದು ಬಿದ್ದು ನಗುತ್ತಾ ಓಡಿಬರುತ್ತೇವೆ.

ಇವತ್ತು ಮಧ್ಯಾಹ್ನ ಅತ್ತೆ ಊಟ ತರುತ್ತಾರೆ. ಅವರ ಹೆಸರು ಗಂಗುಲಮ್ಮ. ಮೂರನೇ ಮಟ್ಟದ ಗಂಟೆ ಮೂವತ್ತು ವರ್ಷದಿಂದ ಅವರ ಕೈಯಲ್ಲಿದೆ. ಅವರ ವಾಡಿಕೆ ನಲವತ್ತೆಂಟು. ಮೂವತ್ತು ವರ್ಷದಲ್ಲಿ ಅದು ನಲವತ್ತೇಳೂ ಆಗಿಲ್ಲ, ನಲವತ್ತೊಂಬತ್ತೂ ಆಗಿಲ್ಲ. ಅವರ ಮುಖವೂ ಹಾಗೆಯೇ. ನಮ್ಮ ಮದುವೆಯ ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದರೆ ಇವರು ಮಾತ್ರ ಬಂಡೆ ಬಿರುಕನ್ನು ನೋಡುವಂತೆ ನೋಡುತ್ತಿದ್ದಾರೆ. ‘ನಮ್ಮಮ್ಮ ನಕ್ಕರೆ ಮೂರು ಮಟ್ಟ ಕುಸಿಯುತ್ತೆ’ ಎಂದು ನಮ್ಮವರು ಹೇಳುತ್ತಲೇ ಇರುತ್ತಾರೆ. ಅಯ್ಯೋ, ಹೆಜ್ಜೆ ಸದ್ದಾಯಿತು, ಬಂದೇಬಿಟ್ಟರು. ಉಳಿದದ್ದನ್ನು ಊಟ ಮುಗಿಸಿ ಬರೆಯುತ್ತೇನೆ!

*

ಮಾರ್ಚ್ ೩೧, ೨೪೬೮
ಮೂರನೇ ಮಟ್ಟ

ಊಟ ಮುಗಿಸಿ ಬರೆಯುತ್ತೇನೆ ಎಂದಿದ್ದೆ. ಅದಾಗಿ ಮೂವತ್ತೊಂದು ದಿನ ಕಳೆದಿದೆ, ಓಲೆಯ ನಲವತ್ತು ದಿನದ ಗಡುವೂ ದಾಟಿದೆ. ಮೇಲಿನ ಪುಟಗಳಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ. ತಿದ್ದಬೇಕು ಅನ್ನಿಸಿತ್ತು. ಆದರೆ ಕೆಟ್ಟ ಗಾಳಿಯಲ್ಲಿ ಕೂತವರ ಮಾತು ಎಷ್ಟು ಸಂತೋಷವಾಗಿರುತ್ತದೆ ಎಂಬುದಕ್ಕೆ ನಿಮಗೆ ಬೇರೆ ಸಾಕ್ಷಿ ಎಲ್ಲಿ ಸಿಗುತ್ತದೆ?

ಆ ಮಧ್ಯಾಹ್ನ ಅತ್ತೆ ಬಂದು, ಬುಟ್ಟಿ ಇಳಿಸಿ, ಎಂದಿನಂತೆ ಮುಖ ಬಿಗಿದುಕೊಂಡು ಕೂತರು. “ಏನಮ್ಮಾ, ಓಣಿ ತುಂಬಾ ಹಲ್ಲು ಕಿರಿಯೋದೇ ಆಗಿದೆ, ಯಾರಿಗೂ ಕೆಲಸ ಇಲ್ವಾ?” ಎಂದರು. ನಾವು ಉಂಡೆವು. ಪಾತ್ರೆ ತೆಗೆಯುವಾಗ ಸಾರಿನ ತಪ್ಪಲೆಯ ಮುಚ್ಚಳ ನನ್ನ ಕೈಯಿಂದ ಜಾರಿತು. ಅಂಚಿನ ಮೇಲೆ ನಿಂತು ನೆಲದ ಉದ್ದಕ್ಕೂ ಉರುಳಿತು, ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಗಿರಗಿರ ತಿರುಗಿ ಅತ್ತೆಯ ಕಾಲ ಬಳಿ ಬೋರಲಾಗಿ ಬಿತ್ತು. ಅಷ್ಟೇ. ಅತ್ತೆ ನಕ್ಕರು.

ಮೊದಲು ಮೂಗಿನಲ್ಲಿ ಒಂದು ಸದ್ದು. ಆಮೇಲೆ ಹೆಗಲು ಕುಣಿಯಲು ಶುರುವಾಯಿತು. ಆಮೇಲೆ ಅವರು ತೊಡೆ ತಟ್ಟಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, “ಮುಚ್ಚಳ... ಮುಚ್ಚಳ ನೋಡೇ...” ಎಂದು ಉಸಿರು ಕಟ್ಟುವಂತೆ ನಕ್ಕರು. ನಮ್ಮವರು “ಅಮ್ಮ ನಕ್ಕಳು! ಓಡಿ, ಮೂರು ಮಟ್ಟ ಕುಸಿಯುತ್ತೆ!” ಎಂದು ಗೋಡೆಗೆ ಒರಗಿ ನಕ್ಕರು. ನಾನೂ ನಕ್ಕೆ. ನಗುತ್ತಲೇ ನನ್ನ ತಲೆಯ ಯಾವುದೋ ಮೂಲೆಯಲ್ಲಿ, ಶಾಲೆಯ ಮೇಷ್ಟರು ಬೋರ್ಡಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಹೇಳಿದ ಮಾತು ಕೇಳಿಸಿತು. ಎಂದೂ ಅಲುಗದ ಅಳತೆ ಅಲುಗಿದರೆ ಅಳತೆಯನ್ನು ಅನುಮಾನಿಸಬೇಡಿ ಎಂದಿದ್ದರು ಅವರು.

ಅತ್ತೆಯ ಕೈ ಹಿಡಿದು, “ಅತ್ತೆ, ಉಸಿರು ಹಿಡೀರಿ” ಎಂದೆ. ಮೂವತ್ತು ವರ್ಷದ ಅಭ್ಯಾಸ. ಆ ಮಾತು ಕೇಳಿದ್ದೇ ಅವರ ಬಾಯಿ ತಾನಾಗಿ ಮುಚ್ಚಿಕೊಂಡಿತು, ನಗು ನಿಂತಿತು, ಮುಖ ಬಂಡೆಯಾಯಿತು. ನಾನು ಎಣಿಸಿದೆ. ನಲವತ್ತೆಂಟು ಆಗಬೇಕಿತ್ತು. ಇಪ್ಪತ್ತೊಂಬತ್ತಕ್ಕೆ ಅವರ ಬಾಯಿ ತೆರೆದುಕೊಂಡಿತು. ಅವರು ಬಂದು ಒಂದು ಗಂಟೆಯೂ ಆಗಿರಲಿಲ್ಲ. ನಾವು ಅಲ್ಲಿ ಇಪ್ಪತ್ತಾರು ದಿನದಿಂದ ಇದ್ದೆವು.

ನಾನು ಗೋಡೆಯ ಮುಂದೆ ಕೂತೆ. ಕಲ್ಲಿರಲಿಲ್ಲ, ಕುಡಿಕೆಯಲ್ಲಿದ್ದ ಹುರಿಗಡಲೆಯನ್ನು ನೆಲಕ್ಕೆ ಸುರಿದು, ಮೊದಲ ಬೆಳಗಿನಿಂದ ಹಾಕುತ್ತಾ ಬಂದೆ. ಅರವತ್ತು, ಅರವತ್ತಮೂರು: ಕುಡಿಕೆ ಖಾಲಿ. ಐವತ್ತೆಂಟು: ಒಂದು ಕಾಳು. ನಾಲ್ಕನೇ ದಿನ ಒಂದು ಹೂವು. ನಕ್ಕದ್ದಕ್ಕೆ ಮಾಫಿ ಕೊಡದೆ ಐದು ಕಾಳು ಹಾಕಿದೆ, ಆರಾಯಿತು. ಮರುದಿನ ಅರವತ್ತನಾಲ್ಕು: ಐದು ಹೊರಗೆ. ಅದರ ಮರುದಿನ ಅರವತ್ತೊಂದು: ಪೂರ್ತಿ ಖಾಲಿ. ನೋಡಿ, ಒಳ್ಳೆಯ ಗಾಳಿಯಲ್ಲಿ ನಕ್ಕ ನಗು ಎರಡೇ ದಿನದಲ್ಲಿ ತಾನಾಗಿ ಕುಡಿಕೆಯಿಂದ ಹೊರಗೆ ಹೋಗಿತ್ತು. ಮಾಫಿಯೇ ಬೇಕಿರಲಿಲ್ಲ. ಎಂಟನೇ ದಿನದವರೆಗೂ ಖಾಲಿ. ಒಂಬತ್ತನೇ ದಿನ, ಮಂಚ ಮುರಿಯಿತು ಎಂದು ನಾವು ನಕ್ಕ ದಿನ, ಐವತ್ತೇಳು. ಹತ್ತನೇ ದಿನ ಹೂವು. ಆಮೇಲೆ ಐವತ್ತಾರು, ಐವತ್ತೆಂಟು, ಐವತ್ತನಾಲ್ಕು. ಹದಿನಾಲ್ಕನೇ ದಿನ ಮತ್ತೆ ಹೂವು. ಕುಡಿಕೆಯಲ್ಲಿ ಇಪ್ಪತ್ತೊಂದು ಕಾಳು.

ನನಗೆ ನಂಬಿಕೆಯಾಗಲಿಲ್ಲ. ಎಲ್ಲ ಹೂವುಗಳನ್ನೂ ಬಿಟ್ಟು, ನಗದ ದಿನಗಳನ್ನು ಮಾತ್ರ ಹಿಡಿದು ಇನ್ನೊಮ್ಮೆ ಹಾಕಿದೆ. ನಮ್ಮವರು ಪಕ್ಕದಲ್ಲಿ ಕೂತು, ನಾನು ಹಾಕಿದ ಕಾಳುಗಳಲ್ಲಿ ಎರಡನ್ನು ಬಾಯಿಗೆ ಹಾಕಿಕೊಂಡು ನಕ್ಕರು. ಆ ಎರಡನ್ನೂ ಸೇರಿಸಿ ಎಣಿಸಿದೆ. ಹದಿನೇಳನೇ ದಿನಕ್ಕೆ ಸರಿಯಾಗಿ ಇಪ್ಪತ್ತು. ಹೇಗೆ ಎಣಿಸಿದರೂ ನಾವು ಕಡಿಮೆಯೆಂದರೆ ಒಂಬತ್ತು ದಿನ ತಡವಾಗಿದ್ದೆವು. ಅಲ್ಲಿಂದ ಮುಂದೆ ಗೋಡೆಯ ಮೇಲೆ ಸಂಖ್ಯೆಗಳೇ ಅಪರೂಪ. ಕೊನೆಯ ಒಂಬತ್ತು ದಿನದಲ್ಲಿ ಏಳು ಹೂವು. ಅಂಥ ಮುದ್ದಾದ ಹೂವುಗಳು. ಒಂದಕ್ಕೆ ನಾನು ಎಲೆಗಳನ್ನೂ ಬರೆದಿದ್ದೆ.

ಇನ್ನು ಹೇಳುವುದನ್ನು ಬರೆಯಲು ನನಗೆ ಈಗಲೂ ಕೈ ತಡೆಯುತ್ತದೆ. ನನಗೆ ಭಯವಾಗಲಿಲ್ಲ. ಲೆಕ್ಕ ಗೊತ್ತಾಗಿತ್ತು, ಅದರ ಅರ್ಥ ಗೊತ್ತಾಗಿತ್ತು, ಆದರೂ ಮೈಯಲ್ಲಿ ಎಲ್ಲಿ ಹುಡುಕಿದರೂ ಭಯ ಇರಲಿಲ್ಲ. ಇದ್ದದ್ದು ಹಬ್ಬದ ಬೆಳಗಿನಂಥ ಖುಷಿ. ಗಂಟೆಯ ಹಗ್ಗದ ಕಡೆ ನಡೆದೆ. ನಮ್ಮವರು ಹಿಂದೆಯೇ ಬಂದು, “ಲೇ, ಇನ್ನೂ ಹದಿನಾಲ್ಕು ದಿನ ಮಾಫಿ ಇದೆ ಕಣೇ, ಒಬ್ಬಟ್ಟಿನ ಆಸೆಗೆ ಹೊಡೀತಿದ್ದೀಯಾ?” ಎಂದರು. ಜಬೀನಾ ಓಡಿಬಂದು ಹಗ್ಗದ ಮೇಲಿದ್ದ ನನ್ನ ಕೈ ಹಿಡಿದುಕೊಂಡಳು. “ಅಕ್ಕಾ, ಚೆನ್ನಾಗೇ ಇದೀವಲ್ಲಾ! ನನ್ನ ಮುಖ ನೋಡಿ, ನಾನು ಜೀವನದಲ್ಲೇ ಇಷ್ಟು ಚೆನ್ನಾಗಿರಲಿಲ್ಲ!” ಅವಳ ತುಟಿ ನೇರಳೆಹಣ್ಣು ತಿಂದಂತಿತ್ತು. ನಾನು ಅವಳ ಮುಖ ನೋಡುತ್ತಾ, ನಗುತ್ತಾ, ಹಗ್ಗ ಎಳೆದೆ. ಪ್ರತಿ ಎಳೆತಕ್ಕೂ ಇದು ತಮಾಷೆ ಎನ್ನಿಸುತ್ತಿತ್ತು. ಆದರೆ ನಾನು ನನ್ನ ಮನಸ್ಸಿನ ಮಾತು ಕೇಳಲಿಲ್ಲ, ಇಪ್ಪತ್ತು ಕಾಳಿನ ಮಾತು ಕೇಳಿದೆ.

ಮೇಲಿನವರು ಬಂದರು. ಗಂಟೆ ಕೇಳಿದರೆ ಯಾಕೆ, ಏನು ಎಂದು ಕೇಳುವಂತಿಲ್ಲ ಎಂಬುದು ಕಟ್ಟಳೆ. ಬರಬೇಕು, ಎತ್ತಬೇಕು, ಹೋಗಬೇಕು. ನಗುತ್ತಿದ್ದವರನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿದರು. ಆರನೇ ಮಟ್ಟದ ತಿರುವಿನಲ್ಲಿ ಅಮೀರ್‌ಜಾನನ ನಗು ನಿಂತಿತು. ಐದನೇ ಮಟ್ಟದಲ್ಲಿ ಜಬೀನಾ ಅಳಲು ಶುರುಮಾಡಿದಳು. ನಾಲ್ಕನೆಯದರಲ್ಲಿ ನನ್ನ ಭಯ ಬಂತು, ಇಪ್ಪತ್ತಾರು ದಿನದ ಭಯ ಒಟ್ಟಿಗೇ ಬಂತು. ನಾನು ಹಿಂದಕ್ಕೆ ತಿರುಗಿ ತಲೆ ಎಣಿಸಿದೆ. ಹತ್ತು ಜೋಡಿ.

ಪಿಳ್ಳಪ್ಪ, ಶಶಿರೇಖಾ ಮನೆಯ ಮುಂದೆ ಮೂರು ದಿನದ ಊಟ ಮೂರು ತಟ್ಟೆಯಲ್ಲಿ ಹಾಗೆಯೇ ಇತ್ತು. ಒಳಗೆ ಅವರಿಬ್ಬರೂ ಎದುರುಬದುರು, ಹಣೆಗೆ ಹಣೆ ತಾಗಿಸಿ ಕೂತಿದ್ದರಂತೆ. ಎಣಿಸುವವರು ಹಾಗೆಯೇ ಕೂರುವುದು. ಇಬ್ಬರ ಮುಖದಲ್ಲೂ ನಗು ಇತ್ತು ಎಂದು ಎತ್ತಲು ಹೋದವರು ಹೇಳಿದರು. ಅವರೂ ಗೋಡೆಯ ಮೇಲೆ ಬರೆದುಕೊಂಡಿದ್ದರು. ಇಪ್ಪತ್ತಮೂರನೇ ದಿನದ ಎದುರು ಅರ್ಧ ಬರೆದ ಒಂದು ಹೂವು. ‘ಸ್ವಲ್ಪ ಉಸಿರಾಡಿಕೊಳ್ರಪ್ಪಾ’ ಎಂದು ಬಾಗಿಲಾಚೆ ನಿಂತು ಕೂಗಿದವರಲ್ಲಿ ನಾನೂ ಒಬ್ಬಳು. ಇದನ್ನು ಮುಚ್ಚಿಡಬಾರದು ಎಂದು ಬರೆದಿದ್ದೇನೆ.

ಒಂಬತ್ತನೇ ಬೆಳಗ್ಗೆ ಕೇಳಿಸಿದ ಆ ಸದ್ದು, ಓಣಿಗೆ ಗಾಳಿ ತರುವ ಬಾವಿಯ ಬುಡದಲ್ಲಿ ಬಂಡೆ ಸಿಡಿದದ್ದು. ದಾರಿ ಪೂರ್ತಿ ಮುಚ್ಚಿರಲಿಲ್ಲ, ಮುಕ್ಕಾಲು ಮುಚ್ಚಿತ್ತು. ಗಾಳಿ ಒಂದೇ ದಿನಕ್ಕೆ ಕೆಟ್ಟಿದ್ದರೆ ಯಾರಾದರೂ ಬೀಳುತ್ತಿದ್ದರು, ಎಲ್ಲರಿಗೂ ತಿಳಿಯುತ್ತಿತ್ತು. ಅದು ದಿನಕ್ಕೆ ಕೂದಲೆಳೆಯಷ್ಟು ಕೆಟ್ಟಿತು. ಅಂಥದ್ದನ್ನು ಹಿಡಿಯಲೆಂದೇ ನೀವು ಆ ಲೆಕ್ಕವನ್ನು ಕಟ್ಟಿದ್ದಿರಿ. ನಾವು ಮೂರನೇ ಮಟ್ಟ, ಐದನೇ ಮಟ್ಟ ಎಲ್ಲ ಕಡೆ ಆ ಲೆಕ್ಕ ಇಟ್ಟೆವು. ಎಲ್ಲಕ್ಕಿಂತ ಆಳದ ಓಣಿಯಲ್ಲಿ ಮಾತ್ರ, ಪ್ರೀತಿಯಿಂದ, ಬಿಟ್ಟೆವು.

ಓಣಿಯನ್ನು ಕಲ್ಲು ಗಾರೆಯಿಂದ ಮುಚ್ಚಿದ್ದಾರೆ. ನಗೆಮಾಫಿಯನ್ನು ತೆಗೆದುಹಾಕಿದ್ದಾರೆ. ಈಗ ನಾವು ಹತ್ತು ಜೋಡಿಯೂ ಮೂರನೇ ಮಟ್ಟದಲ್ಲಿ, ಹಿರಿಯರ ಮನೆಗಳ ನಡುವೆ ಇದ್ದೇವೆ. ಗಾಳಿ ಚೆನ್ನಾಗಿದೆ. ಮೊದಲ ವಾರ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜಬೀನಾ ಒಂದು ದಿನ ನೀರಿನ ಹತ್ತಿರ ಸಣ್ಣ ದನಿಯಲ್ಲಿ, “ಅಕ್ಕಾ, ಅವರು ನಂಗೆ ಯಾರೋ ಅನ್ನಿಸ್ತಾರೆ. ಅವರ ಯಾವ ಮಾತಿಗೆ ಅಷ್ಟು ನಗ್ತಿದ್ದೆ ಅಂತ ನೆನಪೇ ಆಗ್ತಿಲ್ಲ” ಎಂದಳು. ನನ್ನ ಒಳಗೂ ಅದೇ ಕೂತಿತ್ತು. ನಮ್ಮ ಮದುವೆಯಾದದ್ದು ಮೊದಲನೇ ದಿನ, ಗಾಳಿ ಕೆಟ್ಟದ್ದು ಒಂಬತ್ತನೇ ದಿನ. ಎರಡು ಬದಲಾವಣೆ ಒಂದರ ಮೇಲೊಂದು ಬಿದ್ದರೆ ಯಾವ ಕುಡಿಕೆಯೂ ಅವನ್ನು ಬಿಡಿಸಿ ಹೇಳಲಾರದು. ಬಂಡೆಗೆ ‘ಸಾರಿ’ ಎನ್ನುವ ಮನುಷ್ಯನನ್ನು ನಾನು ಇಷ್ಟಪಟ್ಟೆನೇ, ಅಥವಾ ಗಾಳಿ ಇಷ್ಟಪಟ್ಟಿತೇ? ಗಾಳಿ ಚೆನ್ನಾಗಿದ್ದ ಎಂಟು ದಿನದಲ್ಲಿ ಗೋಡೆಯ ಮೇಲೆ ಇದ್ದದ್ದು ಒಂದೇ ಒಂದು ಹೂವು. ಅದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆ ಎಂದು ಎಣಿಸಿಲ್ಲ.

ಅತ್ತೆ ಮತ್ತೆ ಮೊದಲಿನಂತೆ ಆಗಿದ್ದಾರೆ, ನಲವತ್ತೆಂಟು, ಬಂಡೆ ಮುಖ. ಒಂದು ಮಧ್ಯಾಹ್ನ ಮಾತ್ರ ರಾಗಿ ಆರಿಸುತ್ತಾ, ತಲೆ ಎತ್ತದೆ, “ಆವತ್ತು ನಾನು ಯಾತಕ್ಕೆ ನಕ್ಕೆ ಹೇಳು” ಎಂದರು. ಮುಚ್ಚಳಕ್ಕೆ ಎಂದೆ. ರಾಗಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. “ನನ್ನ ಜೀವಮಾನದಲ್ಲೇ ಅಷ್ಟು ಹಾಯಾಗಿರಲಿಲ್ಲ ಕಣೇ. ಅದನ್ನ ನೆನೆಸಿಕೊಂಡರೇ ಮೈ ಜುಮ್ಮನ್ನುತ್ತೆ” ಎಂದು ಮತ್ತೆ ರಾಗಿಗೆ ಕೈ ಹಾಕಿದರು.

ಮೂರನೇ ಮಟ್ಟದಲ್ಲಿ ನಮಗೆ ಹೊಸ ಕುಡಿಕೆ ಕೊಟ್ಟರು, ಇಪ್ಪತ್ತು ಕಲ್ಲಿನ ಮಟ್ಟಕ್ಕೆ ಒಳಗೆ ಕೆಂಪು ದಾರ ಕಟ್ಟಿದ್ದು. ಬೆಳಗ್ಗೆ ಎದುರುಬದುರು ಕೂರುತ್ತಿದ್ದೆವು. ಅವರು ಕಣ್ಣು ನೆಲಕ್ಕೆ ಹಾಕಿ ಉಸಿರು ಹಿಡಿಯುತ್ತಿದ್ದರು. ಅರವತ್ತೆರಡು. ಅರವತ್ತೆರಡು. ಅರವತ್ತಮೂರು. ಇಪ್ಪತ್ತೇಳು ದಿನ ಹೀಗೆ. ಇಪ್ಪತ್ತೇಳು ದಿನವೂ ಕುಡಿಕೆ ಖಾಲಿ. ಖಾಲಿ ಕುಡಿಕೆ ಎಂದರೆ ಎಲ್ಲ ಸರಿ ಎಂದರ್ಥ. ಆ ಖಾಲಿ ಕುಡಿಕೆಯನ್ನು ನೋಡಿದರೆ ನನಗೆ ಏಳನೇ ಮಟ್ಟಕ್ಕಿಂತ ಹೆಚ್ಚು ಉಸಿರು ಕಟ್ಟುತ್ತಿತ್ತು.

ಮೊನ್ನೆಯ ಹಿಂದಿನ ದಿನ ಬೆಳಗ್ಗೆ ಅವರು ಕೂರಲು ಬರುವಾಗ ಬಾಗಿಲಿಗೆ ತಲೆ ಬಡಿಸಿಕೊಂಡರು. ಮೂರನೇ ಮಟ್ಟದ ಬಾಗಿಲಿಗೂ ಅವರ ಎತ್ತರ ಹೆಚ್ಚು. ‘ಸಾರಿ’ ಎನ್ನಲು ಬಾಯಿ ತೆರೆದವರು, ನಾನು ನೋಡುತ್ತಿದ್ದೇನೆ ಎಂದು ತಿಳಿದು ಬಾಯಿ ಮುಚ್ಚಿಕೊಂಡು ಕೂತರು. ಉಸಿರು ಹಿಡಿದರು. ನಾನು ಎಣಿಸಿದೆ. ಮೂವತ್ತೆಂಟಕ್ಕೆ ಅವರ ಮೂಗಿನಿಂದ ಒಂದು ಸದ್ದು ಬಂತು. ಮೊದಲು ಅವರು, ಆಮೇಲೆ ನಾನು. ಎಷ್ಟು ಹೊತ್ತು ನಕ್ಕೆವೋ ಗೊತ್ತಿಲ್ಲ. ನಕ್ಕು ಮುಗಿದ ಮೇಲೆ ನಾನು ಕಣ್ಣೊರೆಸಿಕೊಂಡು, ಒಂದೊಂದಾಗಿ, ಐದು ಕಲ್ಲು ಹಾಕಿದೆ. ಅವರು ನೋಡುತ್ತಾ ಕೂತಿದ್ದರು. ಮೊನ್ನೆ ಮತ್ತೆ ನಕ್ಕರು, ಐದು. ನಿನ್ನೆ ಗೋಡೆಯಾಚೆ ಜಬೀನಾ ನಗುವುದು ಕೇಳಿಸಿತು, ಬಹಳ ದಿನದ ಮೇಲೆ. ಅದು ಕೇಳಿ ಇವರೂ ನಕ್ಕರು, ಐದು. ಇವತ್ತು ಬೆಳಗ್ಗೆ ಐವತ್ತೊಂಬತ್ತು, ಗೆರೆಯ ಮೇಲೆ ಸರಿಯಾಗಿ. ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ. ಕುಡಿಕೆಯಲ್ಲಿ ಈಗ ಹದಿನೈದು ಕಲ್ಲಿವೆ.

ಅತ್ತೆ ಬಂದು ಕುಡಿಕೆಯೊಳಗೆ ಇಣುಕಿ ನೋಡಿದರು. ಮನೆಗೆ ಹೋಗಿ ಒಬ್ಬಟ್ಟಿಗೆ ಬೇಳೆ ನೆನೆಹಾಕಿದ್ದಾರೆ ಎಂದು ಆಮೇಲೆ ತಿಳಿಯಿತು.

ಹಿರಿಯರೇ, ನನ್ನದು ಒಂದೇ ಬೇಡಿಕೆ. ನಿಮ್ಮ ಯಂತ್ರಗಳಿಗೆ, ನೀರಿಗೆ, ಗಾಳಿಗೆ, ಮನೆಯವರಿಗೆ ನೀವು ಇಡುವ ಲೆಕ್ಕದಲ್ಲಿ ಸಂತೋಷದ ದಿನಗಳನ್ನು ಬಿಡಬೇಡಿ. ದುಃಖದ ದಿನ ಎಲ್ಲರೂ ಎಣಿಸುತ್ತಾರೆ. ಮತ್ತೆ, ಈ ಓಲೆಯ ಮೊದಲ ಪುಟಗಳನ್ನು ಓದುವಾಗ ನಿಮಗೆ ನಗು ಬಂದಿದ್ದರೆ, ಎಷ್ಟು ಸಲ ಎಂದು ಗುರುತು ಹಾಕಿಕೊಳ್ಳಿ. ನಾಳೆಯೂ ಹಾಕಿ. ನಾಡಿದ್ದೂ ಹಾಕಿ.

ನಾಳೆ ಬೆಳಗ್ಗೆ ಗೋಡೆಯ ಮೇಲೆ ಅಂಗೈಯಗಲದ ಬೆಳಕು ಬಿದ್ದಾಗ ನಾವು ಎದುರುಬದುರು ಕೂರುತ್ತೇವೆ. ಅವರು ನಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನಗದಿರಲಿ ಎಂದೂ ಬೇಡಿಕೊಳ್ಳುತ್ತಿದ್ದೇನೆ. ನಕ್ಕರೆ ನಾನೂ ನಗುತ್ತೇನೆ, ಐದು ಕಲ್ಲು ಹಾಕುತ್ತೇನೆ, ಎದ್ದು ಹೋಗಿ ಹಗ್ಗ ಎಳೆಯುತ್ತೇನೆ. ಅದು ಸುಳ್ಳುಗಂಟೆಯೇ ಆಗಲಿ.

ಇಂತಿ ನಿಮ್ಮ ಮುಂದಿನವಳು,
ಅಲಮೇಲು ವೆಂಕಟಗಿರಿ